ಎಡಗೈಯ ಎಂಟಾಣೆ

ಮೈದಾ ಒಂದು ಲೋಟ, ಮೊಟ್ಟೆ ಮೂರು,
ಹಾಲು ಸುರಿದಷ್ಟೂ ಕುಡಿಯುತ್ತದೆ.
ಗಂಟು ಒಡೆಯುತ್ತೇನೆ ಒಂದೊಂದೇ,
ಫುಟ್‌ಬೋರ್ಡಿನಲ್ಲಿ ಕಟ್ಟಿಕೊಂಡ ಕಾಲೇಜು ಹುಡುಗರನ್ನು
ಬಿಡಿಸಿ ಬಿಡಿಸಿ ಒಳಗೆ ಸರಿಸಿದ ಹಾಗೆ.
ಮೂವತ್ತೊಂದು ವರ್ಷ ಅದೇ ಕೆಲಸ,
ಸ್ಟೇಟ್‌ಬ್ಯಾಂಕಿನಿಂದ ಮಂಗಳಾದೇವಿ,
ಮಂಗಳಾದೇವಿಯಿಂದ ಸ್ಟೇಟ್‌ಬ್ಯಾಂಕು.

ಈಗ ಹಿಟ್ಟು ಮಲಗಬೇಕಂತೆ, ಒಂದು ತಾಸು.
ನಮ್ಮ ನೀರ್ದೋಸೆಗೆ ಆ ಸೊಕ್ಕಿಲ್ಲ:
ಅರೆದರೆ ಆಯಿತು, ಎರೆದರೆ ಆಯಿತು,
ನಿಂತ ಕಾಲಲ್ಲೇ ಹೊರಡುವ ಜಾತಿ.
ಇದು ಹಾಗಲ್ಲ ಮಾರಾಯ್ರೆ,
ಬಟ್ಟೆ ಹೊದೆಸಿ ಕಾಯಬೇಕು.
ಕಾಯುತ್ತೇನೆ.
ಎವ್ಜಿನ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವುದು ಒಂಬತ್ತಕ್ಕೆ.

ಇದನ್ನು ನಾನು ತಿಂದವನಲ್ಲ. ಕೇಳಿದವನು.
ಮಾಯ್ ಕಾನ್ವೆಂಟಿನ ಅಡುಗೆಮನೆಗೆ
ಪಾತ್ರೆ ತೊಳೆಯಲು ಸೇರಿದ್ದು, ಒಲೆಯವರೆಗೆ ಏರಿದ್ದು.
ಫ್ರಾನ್ಸಿನ ಸಿಸ್ಟರ್ ಒದೀಲ್, ಎತ್ತರದ ಹೆಂಗಸು,
ಬಾಗಿಲಲ್ಲಿ ಬಗ್ಗಿಯೇ ಬರುತ್ತಿದ್ದಳಂತೆ.
ಫೆಬ್ರವರಿ ಎರಡು, ಮೇಣದಬತ್ತಿಯ ಹಬ್ಬ,
ಇವಳ ಎಡಗೈಗೆ ಒಂದು ನಾಣ್ಯ ಒತ್ತಿ
ಬಲಗೈಗೆ ಕಾವಲಿಯ ಹಿಡಿ ಕೊಟ್ಟು
'ಹಾರಿಸು' ಅಂದಳಂತೆ.
ಕ್ರೆಪ್ ಮೇಲೆ ಹೋಗಿ, ಮಗುಚಿ, ಕಾವಲಿಗೇ ಬಿದ್ದರೆ
ವರ್ಷವಿಡೀ ಕೈ ಬರಿದಾಗುವುದಿಲ್ಲ.

ಬಿತ್ತಾ ಮಾಯ್? ನಾವು ನಾಲ್ಕು ಮಕ್ಕಳು ಕೇಳುತ್ತಿದ್ದೆವು,
ಬೋಳಾರದ ಮನೆಯಲ್ಲಿ, ಬಟ್ಟಲ ಮುಂದೆ.
ಬಿತ್ತು.
ಮತ್ತೆ ಕೈ?
ಅವಳು ಇನ್ನೊಂದು ಪನ್ಪೊಳೆ ಎರೆಯುತ್ತಿದ್ದಳು.
ಬೆಣ್ಣೆ, ಹಾಲು, ಮೊಟ್ಟೆ, ಮೂರೂ ಒಂದೇ ದಿನ
ನಮ್ಮ ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ.

ಈ ವರ್ಷದ ಹಬ್ಬ ಕಳೆದು ಆರು ವಾರ.
ಟೈಮಿಂಗ್ ತಪ್ಪಿತೆಂದು ಬಸ್ಸು ನಿಂತುಬಿಡುತ್ತದೆಯೇ?

ನಾಣ್ಯ ಬೇಕಲ್ಲ, ಹುಡುಕಿದರೆ ಮನೆಯಲ್ಲಿ ಒಂದೂ ಇಲ್ಲ.
ಮೀನಿನವಳ ಬುಟ್ಟಿಗೂ ಈಗ ಕಪ್ಪುಬಿಳಿ ಚೌಕದ ಕಾಗದ,
ಎಲ್ಲರೂ ಫೋನು ತೋರಿಸಿ ಹೋಗುತ್ತಾರೆ.
ಈ ಎಡಗೈ ಒಂದು ಕಾಲದಲ್ಲಿ
ಚಿಲ್ಲರೆ ಕುಲುಕಿಯೇ ನಿದ್ದೆಯವರನ್ನು ಎಬ್ಬಿಸುತ್ತಿತ್ತು.
ಕಪಾಟಿನ ಮೇಲಿಂದ ಚರ್ಮದ ಚೀಲ ಇಳಿಸಿ ಕೊಡವಿದೆ:
ಟಿಕೇಟಿನ ಚೂರು, ಕಲ್ಲಾದ ಒಂದು ಜೀರಿಗೆ ಮಿಠಾಯಿ,
ಹೊಲಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡ ಎಂಟಾಣೆ.
ಯಾರದ್ದೋ.
'ಇಳಿಯುವಾಗ ಕೊಡ್ತೇನೆ' ಅಂದವನು ನಾನೇ ಇರಬೇಕು.

ಮೊದಲನೆಯದು ಹರಿಯಿತು.
ಎರಡನೆಯದು ಕಾವಲಿಗೆ ಅಂಟಿ ಇಳಿಯಲೊಲ್ಲೆ ಎಂದಿತು.
ಈ ಕಾವಲಿಗೆ ಅಕ್ಕಿಯ ಗುರುತು ಮಾತ್ರ ಉಂಟು,
ಮಗುಚುವುದು ಗೊತ್ತಿಲ್ಲ.
ನೀರ್ದೋಸೆ ಮುಚ್ಚಳದಡಿಯಲ್ಲಿ ಬೆಂದು, ನಾಲ್ಕು ಮಡಿಕೆಯಾಗಿ,
ಬೆನ್ನು ಬಿಸಿಗೆ, ಮುಖ ನಮಗೆ, ಅಷ್ಟೇ ಅದರ ಬಾಳು.
ಮೂರನೆಯದಕ್ಕೆ ಮಣಿಕಟ್ಟಿಗೆ ನೆನಪಾಯಿತು:
ಸೌಟು ಸುರಿದು, ಎತ್ತಿ, ಓರೆ ಮಾಡಿ, ತಿರುಗಿಸಿ,
ಹಂಪನಕಟ್ಟೆಯ ತಿರುವಿನಲ್ಲಿ
ಕಂಬಿ ಹಿಡಿಯದೆ ನಿಂತ ಸೊಂಟವೂ ಜೊತೆಗೆ ವಾಲಿತು.
ಹಿಟ್ಟು ತೆಳ್ಳಗೆ ಓಡಿತು ಅಂಚಿನ ತನಕ.
ಅಂಚು ಕೆಂಪಾಗಿ ಎದ್ದಿತು, ಕಸೂತಿಯ ಹಾಗೆ.
ಎಡಗೈಯಲ್ಲಿ ಎಂಟಾಣೆ ಬೆವರುತ್ತಿತ್ತು.
ರೈಟ್ ಪೋಯಿ!

ಹೋಯಿತು.
ಎಷ್ಟು ಮೇಲೆ ಅಂದರೆ, ಟ್ಯೂಬ್‌ಲೈಟಿನ ಬೆಳಕು
ಒಂದು ಗಳಿಗೆ ಅದರೊಳಗಿಂದ ಹಳದಿಯಾಗಿ ಬಂತು.
ಅರ್ಧ ಕಾವಲಿಗೆ ಬಿತ್ತು, ಅರ್ಧ ಒಲೆಗೆ.
ಅರ್ಧಕ್ಕೆ ಎಂತ ಲೆಕ್ಕ, ಕೇಳಲು ಮಾಯ್ ಇಲ್ಲ.

ಎವ್ಜಿನ್ ಬಂದಳು, ಚಪ್ಪಲಿ ಬಿಚ್ಚುವ ಮೊದಲೇ
'ಎಂತ ಸುಟ್ಟದ್ದು?'
ಕಾಯಿಬೆಲ್ಲ ಸುತ್ತಿ ಒಂದು ಕೊಟ್ಟೆ,
ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಒಂದು.
ಮಾತಾಡದೆ ತಿಂದಳು.
ಮೂರನೆಯದಕ್ಕೆ, ನಿನ್ನೆಯ ಬಂಗುಡೆ ಸಾರು ಬಿಸಿ ಮಾಡಿ, ಅಂದಳು.
ಸಾರಿಗೆ ಅದು ಒಳ್ಳೆಯದೇ ಆಗುತ್ತದೆ.
ಸಿಸ್ಟರ್ ಒದೀಲ್ ಕ್ಷಮಿಸಲಿ.

ಉಂಡು ಕೈ ತೊಳೆದು ಬಂದವಳ
ಅಂಗೈ ಬಿಡಿಸಿ ಎಂಟಾಣೆ ಇಟ್ಟೆ.
ಇದೆಂತ, ಈಗ ನಡೆಯುವುದಿಲ್ಲ, ಅಂದಳು.
ಗೊತ್ತುಂಟು, ಅಂದೆ. ಬಾಕಿ ಇತ್ತು.